ಕುಣಿಗಲ್ ಕೆರೆಗೆ ಯಾವ ಡ್ರೋನು?

ಆ ಶನಿವಾರ ನನ್ನ ಅಂಗಡಿಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಚಿದಾನಂದ ಬಂದ, ಎರಡು ಸಲ ಟೀ ತರಿಸಿದ, ನನ್ನ ಅಳತೆಯ ಟೇಪನ್ನು ಎಳೆದು ಬಿಟ್ಟು ಎಳೆದು ಬಿಟ್ಟು ಸದ್ದು ಮಾಡಿದ, ಯಾವ ಡ್ರೋನ್ ಕೊಳ್ಳಬೇಕೆಂದು ಒಂದೂವರೆ ಗಂಟೆ ಜಗಳವಾಡಿದ, ಆಮೇಲೆ ಗುಬ್ಬಿ ಬಸ್ಸಿಗೆ ಓಡಿದ. ಮೂರು ತಿಂಗಳಿಂದ ಎಲ್ಲ ಶನಿವಾರವೂ ಹೀಗೇ ಆಗಿತ್ತು. ಹಾಗಾಗಿ ನಾನು ಆ ದಿನವನ್ನು ಸರಿಯಾಗಿ ನೋಡಲೇ ಇಲ್ಲ. ಮಾಮೂಲಿ ದಿನಗಳ ತೊಂದರೆಯೇ ಇದು. ಅವುಗಳನ್ನು ಯಾರೂ ಕಣ್ಣಿಟ್ಟು ನೋಡುವುದಿಲ್ಲ. ಅವನು ಹಾಕಿದ್ದ ಅಂಗಿಯ ಬಣ್ಣ ಯಾವುದೆಂದು ಈಗ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ನನ್ನದು ತುಮಕೂರಿನಲ್ಲಿ ಫೋಟೋಗಳಿಗೆ ಫ್ರೇಮ್ ಹಾಕುವ ಅಂಗಡಿ. ಎಸ್ಸೆಸ್ಸೆಲ್ಸಿ ಮುಗಿಸಿ ಅಬ್ಬಾನ ಪಕ್ಕ ಕೂತವನು ಇನ್ನೂ ಎದ್ದಿಲ್ಲ. ಮನೆದೇವರು, ಮಠದ ಸ್ವಾಮಿಗಳು, ಮೆಕ್ಕಾ ಮದೀನಾ, ಮದುವೆಯ ಜೋಡಿ, ತೀರಿಕೊಂಡ ಅಜ್ಜಿ, ಎಲ್ಲರೂ ನನ್ನ ಮೇಜಿನ ಮೇಲೆ ಅಕ್ಕಪಕ್ಕ ಮಲಗಿರುತ್ತಾರೆ. ಇದುವರೆಗೆ ಒಬ್ಬರೂ ತಕರಾರು ತೆಗೆದಿಲ್ಲ. ಚಿದಾನಂದ ಗುಬ್ಬಿಯಲ್ಲಿ ಸರ್ವೇಯರ್. ಚೇಳೂರಿನ ಕಡೆಯ ತೆಂಗಿನ ತೋಟದ ಮನೆಯವನು. ಜೀವನಪೂರ್ತಿ ಬದುಗಳ ಮೇಲೆ ನಡೆದು ಅಣ್ಣತಮ್ಮಂದಿರ ಜಗಳವನ್ನು ಅಳೆದವನು. ರಜೆಯ ದಿನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಅದೇ ನೆಲದ ಫೋಟೋ ತೆಗೆಯುತ್ತಿದ್ದ. ಪ್ರಿಂಟು ತಂದರೆ ಫ್ರೇಮು ನನ್ನದು. ನಮ್ಮ ಸ್ನೇಹಕ್ಕೆ ಇದಕ್ಕಿಂತ ದೊಡ್ಡ ಕಾರಣ ಇರಲಿಲ್ಲ, ಬೇಕಾಗಲೂ ಇಲ್ಲ.

ಅಳತೆಯ ಕೆಲಸಕ್ಕೂ ಡ್ರೋನ್ ಬಂದ ಮೇಲೆ ಅವನಿಗೆ ಈ ಹುಚ್ಚು ಹಿಡಿಯಿತು. “ಅದು ಬರೀ ಗಡಿ ನೋಡುತ್ತೆ ಸಾಬ್ರೇ, ನೆಲ ನೋಡಲ್ಲ” ಎನ್ನುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಒಂದೇ ಚಿತ್ರ: ಕುಣಿಗಲ್ಲಿನ ದೊಡ್ಡಕೆರೆ ತುಂಬಿರಬೇಕು, ಹೊತ್ತು ಹುಟ್ಟುತ್ತಿರಬೇಕು, ಹುತ್ರಿದುರ್ಗದ ಕಡೆಯ ಗುಡ್ಡಗಳು ಒಂದರ ಹಿಂದೊಂದು ಮಸುಕಾಗಿ ಕಾಣಬೇಕು. ಏರಿಯ ಮೇಲೆ ನಿಂತು ಹತ್ತಾರು ಸಲ ತೆಗೆದಿದ್ದ. ಏರಿಯ ಎತ್ತರ ಸಾಲುತ್ತಿರಲಿಲ್ಲ.

ಆರಿಸಿ ಆರಿಸಿ ಎರಡಕ್ಕೆ ಬಂದು ನಿಂತಿದ್ದ. ಒಂದು ಅಂಗೈ ಮೇಲೆ ಕೂರುವಂಥದು. ಇನ್ನೂರೈವತ್ತು ಗ್ರಾಂಗಿಂತ ಒಂದೇ ಗ್ರಾಂ ಕಡಿಮೆ, ಹಾಗಾಗಿ ಸರ್ಕಾರದ ಕಾಗದಪತ್ರದ ಕಾಟವೂ ಕಡಿಮೆ. ಇನ್ನೊಂದು ಮುಕ್ಕಾಲು ಕೆಜಿಯ ಹತ್ತಿರ. ನೋಂದಣಿ ಮಾಡಿಸಬೇಕು, ಆದರೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದು.

“ದೊಡ್ಡದು ತಗೊಂಡ್ರೆ ರಿಜಿಸ್ಟ್ರೇಷನ್ನು, ನಂಬರ್ರು, ಆ ಫಾರಂ, ಈ ಫಾರಂ. ಊರೋರ್ ಫಾರಂ ನೋಡಿದ್ ಸಾಲ್ದು ಅಂತ ಇನ್ನು ನಂದೂ ತುಂಬ್ಲಾ?” ಎಂದ ಆ ಶನಿವಾರ.

“ಹಂಗಾದ್ರೆ ಚಿಕ್ಕದು ತಗೋ.”

“ಕೆರೆ ಮೇಲಿನ ಗಾಳಿಗೆ ಅದು ಗಾಳಿಪಟ ಆಡ್ದಂಗ್ ಆಡುತ್ತೆ ಕಣಯ್ಯ.”

“ಹಂಗಾದ್ರೆ ದೊಡ್ಡದು ತಗೋ.”

“ನಿಂಗೆ ಅಂತ ಒಂದ್ ಅಭಿಪ್ರಾಯ ಇಲ್ವೇನ್ ಸಾಬ್ರೇ? ಗಾಜು ಕುಯ್ದು ಕುಯ್ದು ನೀನೂ ಗಾಜೇ ಆಗೋಗಿದೀಯ, ಯಾರ್ ನಿಂತ್ರೆ ಅವ್ರ್ ಮುಖ ಕಾಣುತ್ತೆ. ಬಿಡು, ನಂಗೆ ಮನಸಲ್ಲಿ ಒಂದ್ ಆಗೋಗಿದೆ. ಸೋಮವಾರ ಹೇಳ್ತೀನಿ.”

ಇಲ್ಲಿ ನನ್ನ ಕಸುಬಿನ ಒಂದು ಪದ್ಧತಿ ಹೇಳಬೇಕು. ಯಾರಾದರೂ ಒಬ್ಬರದೇ ಮುಖದ ಫೋಟೋ ತಂದರೆ ನಾನು “ಮಾಲೆ ಹಾಕ್ತೀರಾ?” ಎಂದು ಕೇಳುತ್ತೇನೆ. ಮಾಲೆ ಹಾಕುವುದಾದರೆ ಫ್ರೇಮಿನ ಮೇಲಿನ ಎರಡು ಮೂಲೆಗೂ ಸಣ್ಣ ಮೊಳೆ ಬಿಡಬೇಕು. ಫೋಟೋದಲ್ಲಿರುವವರು ಬದುಕಿದ್ದಾರೋ ಇಲ್ಲವೋ ಎಂದು ನೇರವಾಗಿ ಕೇಳುವುದು ಒರಟಾಗುತ್ತದೆ. ಅದಕ್ಕೇ ಅಬ್ಬಾ ಕಲಿಸಿದ ಪ್ರಶ್ನೆ ಇದು. ಕೇಳಿ ಕೇಳಿ ನನಗದು ಸಲಾಮ್ ಹೇಳಿದಷ್ಟೇ ಸಲೀಸು.

ಸೋಮವಾರ ಅಂಗಡಿಯ ಬಾಗಿಲು ತೆಗೆಯುತ್ತಿದ್ದ ಹಾಗೇ ಚಿದಾನಂದನ ತಮ್ಮ ಮಂಜಣ್ಣ ಬಂದ. ಕೈಯಲ್ಲಿ ಆಗಷ್ಟೇ ಪ್ರಿಂಟು ಹಾಕಿಸಿದ ಫೋಟೋ. ಚಿದಾನಂದನದೇ ಮುಖ, ದೊಡ್ಡದಾಗಿ. ನನಗೆ ನಗು ಬಂತು. ಆಫೀಸಿನಲ್ಲಿ ಏನೋ ಸನ್ಮಾನ ಇರಬೇಕೆಂದುಕೊಂಡೆ.

“ಏನ್ ಮಂಜಣ್ಣ, ಕೆರೆ ಬೆಟ್ಟ ಎಲ್ಲಾ ಮುಗುದ್ವಾ? ಈಗ ತಾನೂ ಫ್ರೇಮೊಳಗ್ ಕೂತ್ಕೊಂಡ್ನಾ ನಿಮ್ಮಣ್ಣ? ಮಾಲೆ ಹಾಕ್ತೀರೇನಪ್ಪ?”

“ಹೂಂ ಸಾಬ್ರೇ” ಎಂದ ಮಂಜಣ್ಣ. “ಮಾಲೆ ಹಾಕೋದೇ.”

ನಾನು ಇನ್ನೂ ನಗುತ್ತಲೇ ಇದ್ದೆ. ಮುಖಕ್ಕೆ ವಿಷಯ ತಲುಪುವುದಕ್ಕೆ ಅಷ್ಟು ಹೊತ್ತು ಬೇಕಾಯಿತು. ಬೆಳಗಿನ ಜಾವ ಎದ್ದು ಕೂತನಂತೆ, ನೀರು ಕೇಳಿದನಂತೆ, ತರುವಷ್ಟರಲ್ಲಿ ಮುಗಿದಿತ್ತಂತೆ. ತಲೆಯ ಹತ್ತಿರ ಇಡುವುದಕ್ಕೆ ಫೋಟೋ ಬೇಕು, ಹನ್ನೊಂದರೊಳಗೆ ಬೇಕು, “ನೀವೇ ಹಾಕ್ಬೇಕು ಅಂದ್ರು ಅತ್ತಿಗೆ” ಎಂದ.

ಹಾಕಿದೆ. ದುಃಖದಲ್ಲಿ ಕೈ ನಡುಗುತ್ತದೆ ಎನ್ನುತ್ತಾರೆ. ನನ್ನ ಕೈ ನಡುಗಲಿಲ್ಲ. ಅಷ್ಟು ನೇರವಾಗಿ ನಾನು ಗಾಜು ಕತ್ತರಿಸಿದ್ದೇ ಇಲ್ಲ. ಒಂದೇ ಗೆರೆ, ಒಂದೇ ಸದ್ದು, ಅಂಚಿನಲ್ಲಿ ಒಂದು ಚೂರೂ ಹಾರಲಿಲ್ಲ. ಎರಡು ಮೊಳೆ ಬಿಟ್ಟೆ. ಹಿಂದೆ ರಟ್ಟು ಅಂಟಿಸಿದೆ. ಅಭ್ಯಾಸದ ಮೇಲೆ ಗಾಜು ಒರೆಸಿ, “ಚೆನ್ನಾಗ್ ಬಂದಿದೆ ನೋಡಿ” ಎಂದೆ.

ಗುಬ್ಬಿಯ ಮನೆಯಲ್ಲಿ ಜನ ತುಂಬಿದ್ದರು. ನಾನು ಗೋಡೆಗೊರಗಿ ನಿಂತಿದ್ದೆ. ಅವನ ಮಗಳು ಸೌಮ್ಯ, ಡಿಗ್ರಿ ಕೊನೆಯ ವರ್ಷದಲ್ಲಿರುವವಳು, ನನ್ನನ್ನು ನೋಡಿ ಎದ್ದು ಬಂದಳು. ಅಳುತ್ತಾಳೆಂದುಕೊಂಡೆ. ಅವಳು ಕೇಳಿದ್ದೇ ಬೇರೆ.

“ಅಂಕಲ್, ಅಪ್ಪ ಯಾವ್ದು ಫೈನಲ್ ಮಾಡಿದ್ರು? ಡ್ರೋನು?”

ಪಕ್ಕದಲ್ಲಿದ್ದ ಹೆಂಗಸೊಬ್ಬರು, “ಇದೇನ್ ಕೇಳೋ ಹೊತ್ತೇನೇ ಮಗಾ?” ಎಂದರು. ಸೌಮ್ಯ ಕದಲಲಿಲ್ಲ. “ನಯಾಜ್ ಅಂಕಲ್‌ಗ್ ಮೊದ್ಲು ಹೇಳ್ತೀನಿ ಅಂತಿದ್ರು” ಎಂದಳು.

ಅವನು ನನಗೆ ಹೇಳಿರಲಿಲ್ಲ. ಗೊತ್ತಿಲ್ಲ ಎನ್ನಬೇಕಿತ್ತು. “ದೊಡ್ಡದು” ಎಂದೆ. ಅವಳು ತಲೆಯಾಡಿಸಿ ಅಮ್ಮನ ಪಕ್ಕ ಹೋಗಿ ಕೂತಳು.

ನೋಡಿ, ಹೀಗೆ ಒಂದು ಸುಳ್ಳು ಸಾವಿನ ಮನೆಯಲ್ಲಿ ಬಾಯಿಂದ ಜಾರಿತು. ಆಮೇಲೆ ನನಗೆ ಶುರುವಾದದ್ದು ದುಃಖವೋ ಪರೀಕ್ಷೆಯ ಭಯವೋ ಹೇಳಲಾರೆ. ಅವನು ಯಾವುದನ್ನು ಆರಿಸಿರಬಹುದೆಂದು ಲೆಕ್ಕ ಹಾಕಲು ಡ್ರೋನಿನ ವಿದ್ಯೆಯನ್ನೇ ಕಲಿಯತೊಡಗಿದೆ. ಅವನು ಬದುಕಿದ್ದಾಗ ಕಿವಿಗೆ ಹಾಕಿಕೊಳ್ಳದ ಮಾತೆಲ್ಲ ಈಗ ಬೇಕಾಯಿತು. ಚಿಕ್ಕದರ ಸೆನ್ಸರ್ ನನ್ನ ಕಿರುಬೆರಳ ಉಗುರಿನಷ್ಟು, ದೊಡ್ಡದರದು ಹೆಬ್ಬೆರಳ ಉಗುರಿನಷ್ಟು. ಹೊತ್ತು ಹುಟ್ಟುವಾಗ ಆಕಾಶ ಬೆಳ್ಳಗೆ, ನೆಲ ಕಪ್ಪಗೆ ಇರುತ್ತದೆ; ಎರಡನ್ನೂ ಒಟ್ಟಿಗೆ ಹಿಡಿಯುವುದಕ್ಕೆ ಉಗುರು ದೊಡ್ಡದಿದ್ದಷ್ಟೂ ಒಳ್ಳೆಯದು. ಚಿತ್ರವನ್ನು ಅಡುಗೆ ಮಾಡದ ಹಸಿ ಫೈಲಾಗಿ ಉಳಿಸುವಂಥದೇ ಬೇಕು, ಆಮೇಲೆ ನಮಗೆ ಬೇಕಾದಷ್ಟು ಉಪ್ಪು ಖಾರ ಹಾಕಿಕೊಳ್ಳಬಹುದು. ಅರ್ಧ ಗಂಟೆ ಹಾರುತ್ತದೆಂದು ಬರೆದಿದ್ದರೆ ಇಪ್ಪತ್ತು ನಿಮಿಷ ಎಂದು ಓದಿಕೊಳ್ಳಬೇಕು. ಇಷ್ಟು ಓದಿದ್ದರೆ ನಾನು ಪಿಯುಸಿಯನ್ನಾದರೂ ದಾಟುತ್ತಿದ್ದೆ.

ಹನ್ನೊಂದನೆಯ ದಿನದ ಊಟಕ್ಕೆ ಚೇಳೂರಿಗೆ ಹೋದಾಗ ಅವರ ತೋಟದಲ್ಲಿ ಕಾಯಿ ಕೀಳುವ ಹನುಮಯ್ಯ ಸಿಕ್ಕ. ಎಲೆಯ ಮುಂದೆ ಕೂತು ನಾನು ಡ್ರೋನಿನ ಮಾತು ತೆಗೆದೆ. ಆಗ ನನಗೆ ಬೇರೆ ಮಾತೇ ಬರುತ್ತಿರಲಿಲ್ಲ. ಅವನು ಎಲ್ಲ ಕೇಳಿ, “ಅಷ್ಟೊಂದ್ ಯಾಕಣ್ಣ? ಕ್ಯಾಮ್ರಾವ ನನ್ ಸೊಂಟಕ್ ಕಟ್ಬುಡಿ, ಮರ ಹತ್ತಿ ತಕ್ಕೊಡ್ತೀನಿ” ಎಂದ. ನಕ್ಕೆವು. ಆದರೆ ಯೋಚಿಸಿದರೆ ಅವನ ಮಾತು ಸುಳ್ಳಲ್ಲ. ವಿಮಾನ ಹುಟ್ಟುವ ಎಷ್ಟೋ ಮೊದಲೇ ಊರನ್ನು ಮೇಲಿನಿಂದ ನೋಡಿದ್ದವರೆಂದರೆ ಈ ಮರ ಹತ್ತುವವರೇ. ಯಾರ ಹಿತ್ತಲಲ್ಲಿ ಏನು ಒಣಹಾಕಿದೆ, ಯಾರು ಯಾರ ಬದು ಒತ್ತಿದ್ದಾರೆ, ಯಾವ ಬಾವಿಯಲ್ಲಿ ನೀರಿದೆ, ಎಲ್ಲ ಗೊತ್ತು. ಕೆಳಗಿಳಿದು ಯಾರಿಗೂ ಹೇಳುವುದಿಲ್ಲ. ಮೇಲಿನಿಂದ ನೋಡಿದವರಿಗೆ ಇರಬೇಕಾದ ಮರ್ಯಾದೆ ಅದು.

ತಿಂಗಳು ಕಳೆದ ಮೇಲೆ ಸೌಮ್ಯಳ ಫೋನು. “ಕುಣಿಗಲ್ ಕೆರೆ ತುಂಬಿದೆಯಂತೆ ಅಂಕಲ್. ನೀರು ಇಳಿಯೋಕ್ ಮುಂಚೆ ತೆಗೀಬೇಕು. ಅಮ್ಮ ತಗೋ ಅಂದ್ಳು. ನೀವ್ ಬನ್ನಿ, ಅಪ್ಪ ಹೇಳಿದ್ದೇ ತರೋಣ.”

ಮದುವೆ ಫೋಟೋದವರಿಗೆ ಸಾಮಾನು ಮಾರುವ ಅಂಗಡಿಗೆ ಹೋದೆವು. ಅಂಗಡಿಯವನು, “ಮದ್ವೆಗಾ ಸಾರ್?” ಎಂದ. ಅಲ್ಲ ಎಂದೆ. “ಸೈಟ್ ಮಾರೋ ವಿಡಿಯೋಗಾ?” ಅಲ್ಲ, ಕೆರೆಗೆ ಎಂದೆ. “ಕೆರೆಗಾ?” ಎಂದು ಅವನು ಸೌಮ್ಯಳ ಮುಖ ನೋಡಿದ. ನನ್ನ ತಿಳಿವಳಿಕೆ ತೋರಿಸಲು ಇದೇ ಹೊತ್ತೆಂದು, “ಹನ್ನೆರಡು ಹದಿನೆಂಟರ ಫ್ರೇಮಿಗೆ ಕತ್ತರಿಸ್ದೆ ಕೂರೋ ಚಿತ್ರ ಯಾವ್ ಡ್ರೋನಲ್ ಬರುತ್ತೆ?” ಎಂದು ಕೇಳಿದೆ. ತಿಂಗಳೆಲ್ಲ ಓದಿದವನು ಕೊನೆಗೆ ಕೇಳಿದ್ದು ಇದನ್ನು. ಅಂಗಡಿಯವನು ಬಾಯಿ ಮುಚ್ಚಿಕೊಂಡು ನಕ್ಕ. “ಸಾರ್, ಇಲ್ಲೀವರ್ಗೂ ಯಾರೂ ಫ್ರೇಮ್ ನೋಡಿ ಡ್ರೋನ್ ಕೇಳಿಲ್ಲ. ಎರಡ್ರಲ್ಲೂ ಚಿತ್ರ ಸ್ವಲ್ಪ ಚೌಕ. ಮೇಲೆ ಕೆಳಗೆ ಕಟ್ ಮಾಡ್ಲೇಬೇಕು.”

ಸೌಮ್ಯಳೂ ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಗುತ್ತಲೇ, “ದೊಡ್ಡದೇ ಕೊಡಿ, ಅಪ್ಪ ಅದನ್ನೇ ಹೇಳಿದ್ದು” ಎಂದಳು. ಇನ್ನು ತಡೆಯಲಾಗಲಿಲ್ಲ.

“ನಿಮ್ಮಪ್ಪ ಹೇಳಿರ್ಲಿಲ್ಲ ಸೌಮ್ಯ. ಸೋಮವಾರ ಹೇಳ್ತೀನಿ ಅಂದಿದ್ದ. ನಂಗ್ ಗೊತ್ತಿಲ್ಲ.”

ಅವಳ ನಗು ನಿಂತಿತು. ಅಂಗಡಿಯವನು ಡಬ್ಬಿಯನ್ನು ತೆರೆಯುತ್ತಿದ್ದವನು ಹಾಗೇ ನಿಂತ.

“ಅಜ್ಜಿಗೆ, ಚಿಕ್ಕಪ್ಪಂಗೆ, ಕಾಲೇಜಲ್ಲಿ, ಎಲ್ರಿಗೂ ಹೇಳಿದೀನಿ. ಅಪ್ಪನ ಕೊನೇ ಮಾತು ಅದು ಅಂತ” ಎಂದಳು. “ಯಾಕ್ ಹಂಗಂದ್ರಿ ಅಂಕಲ್?”

“ನೀನ್ ಕೇಳ್ದೆ. ಗೊತ್ತಿಲ್ಲ ಅನ್ನೋಕೆ ಬಾಯ್ ಬರ್ಲಿಲ್ಲ ಕಣಮ್ಮ.”

ಅವಳು ಹೊರಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತಳು. ನಾನು ಆ ಹೊತ್ತಿನಲ್ಲಿ ಡಬ್ಬಿಯ ಮೇಲಿನ ಅಕ್ಷರಗಳನ್ನೆಲ್ಲ ಓದಿದೆ, ಒಂದೂ ತಲೆಗೆ ಹೋಗಲಿಲ್ಲ. ಒಂದು ತಿಂಗಳು ಅವಳು ಹಿಡಿದುಕೊಂಡಿದ್ದ ಅಪ್ಪನ ಮಾತು ನನ್ನದಾಗಿತ್ತು. ಅದನ್ನು ಅವಳ ಕೈಯಿಂದ ನಾನೇ ಕಿತ್ತುಕೊಂಡಿದ್ದೆ. ವಾಪಸ್ ಬಂದಳು. ಕಣ್ಣು ಕೆಂಪಾಗಿತ್ತು, ದನಿ ಸರಿಯಾಗಿತ್ತು.

“ಸರಿ. ಅಪ್ಪಂದ್ ಬಿಡಿ. ನಿಮ್ಗ್ ಯಾವ್ದು ಅನ್ಸುತ್ತೆ?”

ಮೂರು ತಿಂಗಳು ಚಿದಾನಂದ ಕೇಳಿದ್ದ ಪ್ರಶ್ನೆ. ಆಗ ಕೊಡದ ಉತ್ತರವನ್ನು ಈಗ ಕೊಡಬೇಕಾಯಿತು. ಬೆಳಗಿನ ಬೆಳಕು, ಕೆರೆಯ ಗಾಳಿ, ಗುಡ್ಡಗಳ ಮಸುಕು, ಎಲ್ಲವನ್ನೂ ನಿಧಾನಕ್ಕೆ ಹೇಳಿದೆ. ಕೊನೆಗೆ, “ದೊಡ್ಡದು” ಎಂದೆ. ಸಾವಿನ ಮನೆಯಲ್ಲಿ ಆಡಿದ ಅದೇ ಪದ. ಈ ಸಲ ಅದು ನನ್ನದೇ ಹೆಸರಿನಲ್ಲಿ ಹೊರಬಂತು.

“ನಂಗೂ ಹಂಗೇ ಅನ್ಸುತ್ತೆ” ಎಂದಳು ಸೌಮ್ಯ. ಫಾರಂಗಳನ್ನೆಲ್ಲ ಅವಳೇ ತುಂಬಿದಳು. ಹಾರಿಸಬಹುದಾದ ಜಾಗಗಳಿಗೆ ಹಸಿರು ಬಳಿದ ಸರ್ಕಾರದ ನಕ್ಷೆಯಲ್ಲಿ ಕೆರೆಯೂ ಹಸಿರಾಗಿದೆಯೆಂದು ಎರಡು ಸಲ ನೋಡಿಕೊಂಡಳು. ತೋಟದಲ್ಲಿ ಎರಡು ವಾರ ಹಾರಿಸಿ ಕಲಿತಳು. ಒಂದು ಸಲ ತೆಂಗಿನ ಗರಿಗೆ ಸಿಕ್ಕಿಸಿಕೊಂಡಳು, ಹನುಮಯ್ಯ ಹತ್ತಿ ತೆಗೆದುಕೊಟ್ಟ.

ಕುಣಿಗಲ್ಲಿಗೆ ಹೋದ ಬೆಳಗ್ಗೆ ಗಾಳಿ ಇತ್ತು. ಡ್ರೋನ್ ಏರಿಯ ಮೇಲಿನಿಂದ ಎದ್ದು ಜೇನಿನ ಹಾಗೆ ಗುಂಯ್‌ಗುಡುತ್ತ ನೂರು ಮೀಟರಿಗೆ ಹೋಗಿ ನಿಂತಿತು. ಅಲುಗಿದ್ದು ಸ್ವಲ್ಪ, ಅಷ್ಟೇ. ಸೌಮ್ಯ ಒಂದೇ ದೃಶ್ಯವನ್ನು ಕಪ್ಪಾಗಿ, ಬೆಳ್ಳಗೆ, ನಡುವೆ ಎಂದು, ಆಮೇಲೆ ಒಂದಾಗಿ ಸೇರಿಸಲು, ಮೂರು ಮೂರು ಸಲ ತೆಗೆದಳು. ನಾನು ಮೊಬೈಲಿನ ಪರದೆಗೆ ಬಗ್ಗಿ ನೋಡಿದೆ. ನೀರು ಗುಡ್ಡದ ಬುಡದವರೆಗೂ ಬಿದ್ದುಕೊಂಡಿತ್ತು, ತಾಮ್ರದ ಬಣ್ಣಕ್ಕೆ. ಗುಡ್ಡಗಳು ಒಂದರ ಹಿಂದೊಂದು, ಎಣಿಸಿದರೆ ಐದು. ಈ ಕೆರೆಯನ್ನು ಎಷ್ಟೋ ಸಲ ಫ್ರೇಮಿನಲ್ಲಿ ಕೂರಿಸಿದ್ದೆ, ನೋಡಿರಲಿಲ್ಲ.

ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದಾಗ ಏರಿಯ ಮೇಲೆ ಎರಡು ಚುಕ್ಕೆ ಕಂಡವು.

“ಅಯ್ಯೋ, ನಾವೇ ಸಿಕ್ಕಾಕೊಂಡಿದೀವಿ” ಎಂದಳು ಸೌಮ್ಯ. “ಅಳಿಸ್ಬಿಡ್ತೀನಿ ಅಂಕಲ್, ಒಂದ್ ನಿಮಿಷದ್ ಕೆಲ್ಸ.”

ಇರಲಿ ಎಂದೆ. ಮೇಲೆ ಕೆಳಗೆ ಸ್ವಲ್ಪ ಕತ್ತರಿಸಿ ಪ್ರಿಂಟು ಹಾಕಿಸಿದೆವು, ಫ್ರೇಮ್ ಹಾಕಿ ಅಂಗಡಿಯ ಗೋಡೆಗೆ ತೂಗುಹಾಕಿದೆ. ಬಂದವರು ಕೆರೆಯನ್ನು ಹೊಗಳುತ್ತಾರೆ, ಗುಡ್ಡವನ್ನು ಹೊಗಳುತ್ತಾರೆ. ಚುಕ್ಕೆಗಳನ್ನು ಇದುವರೆಗೆ ಯಾರೂ ಗಮನಿಸಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನು ಹತ್ತಿರ ಹೋಗಿ ನೋಡುತ್ತೇನೆ. ಎಡಗಡೆಯದು ಸೌಮ್ಯ, ಬಲಗಡೆಯದು ನಾನು. ಮೂರನೆಯದು ಇಲ್ಲ.