ಉಸ್ತಾದರ ಕಾಲು

ಹಿಂದಿನ ಸೀಟಿನಲ್ಲಿ ಉಸ್ತಾದರು ಕೂತಿದ್ದರೆ ಆ ಹಳೆಯ ವಿಮಾನ ದಾರಿ ತಪ್ಪುವುದಿಲ್ಲ ಎಂದು ಅವರ ಹತ್ತಿರ ಹಾರಲು ಕಲಿತವರೆಲ್ಲ ನಂಬಿದ್ದರು. ಅದು ಬಾಲದ ಕೆಳಗೆ ಪುಟ್ಟ ಗಾಲಿ ಇರುವ ವಿಮಾನ. ನೆಲಕ್ಕಿಳಿದ ಮೇಲೂ ಎರಡೂ ಕಾಲಿನಿಂದ ಪೆಡಲು ತುಳಿಯುತ್ತ ನೇರ ಓಡಿಸಬೇಕು, ಇಲ್ಲದಿದ್ದರೆ ಬಾಲವೇ ಮುಂದೆ ಬರುತ್ತದೆ. ನಾವು ತಪ್ಪಿದಾಗ ಹಿಂದಿನಿಂದ ಉಸ್ತಾದರ ಕಾಲು ತಿದ್ದುತ್ತದೆ ಎಂಬುದು ತಾವರಗೇರಾ ಹತ್ತಿರದ ಆ ಮಣ್ಣಿನ ರನ್‌ವೇಯ ಶಾಸ್ತ್ರ. ಆ ಕಾಲು ಮುಟ್ಟಿ ನಮಸ್ಕರಿಸಿ ವಿಮಾನ ಹತ್ತುವವರೂ ಇದ್ದರು. ಎಲ್ಲರೂ ಪದವೀಧರರೇ.

ಅಂದು ಸರಿಯಾಗಿ ಇಳಿಸಿದರೆ ಮರುದಿನ ನನ್ನೊಬ್ಬನನ್ನೇ ಹಾರಲು ಬಿಡುವುದಾಗಿ ಉಸ್ತಾದರು ಹೇಳಿದ್ದರು. ಇಳಿಸಿದೆ. ಗಾಲಿ ನೆಲಕ್ಕೆ ತಾಗಿ ಒಮ್ಮೆ ಪುಟಿಯಿತು. ಹಿಂದಿನಿಂದ ದನಿ ಬಂತು: "ಇರ್ಲಿ, ಬಿಡ್ರಿ."

ಬಿಟ್ಟೆ. ಕೈಯನ್ನೂ ಕಾಲನ್ನೂ. ವಿಮಾನ ಬುಗುರಿಯಂತೆ ಒಂದು ಸುತ್ತು ಹೊಡೆದು ಪಕ್ಕದ ಸಜ್ಜೆ ಹೊಲದಲ್ಲಿ ನಿಂತಿತು.

"ಯಾಕ್ ಬಿಟ್ರಿ?" ಎಂದರು ಉಸ್ತಾದರು.

"ನೀವ ಅಂದ್ರಲ್ರಿ, ಬಿಡ್ರಿ ಅಂತ."

"ಯಪ್ಪಾ, ಗಾಲಿ ಪುಟಿದದ್ದು ಮನಸಿಗಿ ಹಚ್ಕೋಬ್ಯಾಡ್ರಿ ಅಂತ ಅಂದ್ನಿ. ಸಮಾಧಾನ ಮಾಡಿದ್ರ ವಿಮಾನಾನ ಬಿಟ್ಟು ಕುಂತ್ರಿ? ನಾಳಿ ಒಬ್ಬರ ಹಾರೂದು ಇಲ್ಲ ತಗೋರಿ."

"ನೀವ್ಯಾಕ ಕಾಲು ಕೊಡ್ಲಿಲ್ಲ, ಉಸ್ತಾದ್?"

ಅವರು ಇಳಿದು, ಗಾಲಿಗೆ ಸಿಕ್ಕ ಸಜ್ಜೆ ತೆನೆ ಬಿಡಿಸತೊಡಗಿದರು. ನಾನೂ ಇಳಿದು, ಮೊದಲ ಸಲ ಹಿಂದಿನ ಸೀಟಿನ ಕೆಳಗೆ ಬಗ್ಗಿ ನೋಡಿದೆ.

ಅಲ್ಲಿ ಪೆಡಲುಗಳೇ ಇರಲಿಲ್ಲ.