ಎಕ್ಕದೆಲೆಯ ಕಳ್ಳರು

ನಾಳೆ ರಥಸಪ್ತಮಿ ಎನ್ನುವ ಬೆಳಿಗ್ಗೆ, ಹೊಳೆನರಸೀಪುರದ ನಮ್ಮ ಕಾಂಪೌಂಡಿನ ಎಕ್ಕದ ಗಿಡಕ್ಕೆ ಪಕ್ಕದ ಮನೆಯ ಪುಟ್ಟಮ್ಮ ಕೈ ಹಾಕಿದ್ದನ್ನು ಕಂಡೆ. ವಾರದಿಂದ ಎಲೆಗಳು ಕಾಣೆಯಾಗುತ್ತಿದ್ದವು. ಹಬ್ಬದ ಸ್ನಾನಕ್ಕೆ ಒಬ್ಬರಿಗೆ ಏಳು ಎಲೆ ಸಾಕು. ಇವರು ಗಿಡವನ್ನೇ ಬೋಳಿಸಿದ್ದಾರೆಂದು ನನಗೆ ಖಚಿತವಾಯಿತು.

“ಕೇಳಿ ಕಿತ್ತುಕೊಳ್ಳಬಹುದಿತ್ತಲ್ಲ, ಪುಟ್ಟಮ್ಮ?” ಎಂದೆ.

ಅವರು ಒಂದು ಎಲೆಯನ್ನು ಮಗುಚಿ ತೋರಿಸಿದರು. ಅಡಿಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಮೂರು ಹುಳಗಳು ಅಂಚನ್ನು ಮೇಯುತ್ತಿದ್ದವು.

“ಕಳ್ರು ಇನ್ನೂ ಉಣ್ತಾ ಕುಂತವ್ರೆ, ನೋಡಿ ಸಾ. ನೀರಾಕೋ ಅಂಗಿರ್ಬಾರ್ದು, ಚಿಟ್ಟೆ ಬರ್ಬೇಕು, ಅಂತಾ ಗಿಡ ಬೇಕು ಅಂತ ನೀವು ಕೇಳಿದ್ಕೇ ಅಲ್ವಾ ನಾನು ಈ ಕಡ್ಡಿ ತಂದ್ಕೊಟ್ಟಿದ್ದು? ಚಿಟ್ಟೆ ಏನು ಆಕಾಸ್ದಿಂದ ಉದುರ್ತದಾ?”

ಚಿಟ್ಟೆಗೆ ಮೊದಲು ಹುಳ ಎಂಬುದು ಎಂ.ಎಸ್ಸಿ. ಓದಿದ ನನಗೆ ಹೊಳೆದಿರಲಿಲ್ಲ, ಸರಿ. ಆದರೆ ಕಡ್ಡಿ? ಹೇಮಾವತಿ ದಂಡೆಯಿಂದ ನಾನೇ ತಂದು ನೆಟ್ಟೆನೆಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಸಂಜೆ ಹುಳವಿಲ್ಲದ ಏಳು ಎಲೆ ಹುಡುಕಿ, ನಾನೇ ಪುಟ್ಟಮ್ಮನ ಮನೆಗೆ ಕೊಟ್ಟು ಬಂದೆ. ಕಡ್ಡಿ ತಂದವರು ಯಾರೆಂದು ಹೆಂಡತಿಯನ್ನು ಇನ್ನೂ ಕೇಳಿಲ್ಲ. ಅವಳು ಪುಟ್ಟಮ್ಮನ ಹೆಸರನ್ನೇ ಹೇಳುತ್ತಾಳೆಂಬ ಅನುಮಾನ ನನಗಿದೆ.