ಬೈಗುಳಕ್ಕೆ ತಬಲಾ ಕೂಡಿಸಿದವಳು

ನನ್ನ ಹೆಂಡತಿಯನ್ನು ಒಂದು ಸಿನಿಮಾದಿಂದ ಕೈಬಿಡಲು ಹೊರಟಿದ್ದರು. "ಹೂಂ, ಅದೇ ಸರಿ" ಎಂದವನು ನಾನೇ! (ಬೈಯುವ ಮುಂಚೆ ಪೂರ್ತಿ ಕೇಳಿ.)

ಗಿರಿಜಾ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಚೆಕ್ಕಿಂಗ್ ಮಾಡುತ್ತಾಳೆ. ಅಲ್ಲಿಯ ರಾಜ್ಯೋತ್ಸವಕ್ಕೆ ಪ್ರತಿವರ್ಷ ಅದೇ ಹಳೆಯ ಹಾಸ್ಯ ನಾಟಕ. ವಠಾರದ ಒಬ್ಬಳು ಗಯ್ಯಾಳಿ ಓನರಮ್ಮ. ಅವಳ ಮಗಳನ್ನು ಮದುವೆಯಾಗಲು ಒಬ್ಬರಿಗೊಬ್ಬರು ತಿಳಿಯದಂತೆ ಹವಣಿಸುವ ಮೂವರು ಬಾಡಿಗೆದಾರರು. ಡೈಲಾಗೆಲ್ಲ ಜನಕ್ಕೆ ಬಾಯಿಪಾಠ. ಆದರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಓನರಮ್ಮ ಯಾರೆಂದು ಹೇಳಬೇಕೆ?

ಕಳೆದ ಸಲ ನಾಟಕ ನೋಡಿದ ಪ್ರವೀಣ ಎಂಬ ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರ್, ಇದನ್ನು ಹಾಡುಗಳೇ ತುಂಬಿದ ಸಿನಿಮಾ ಮಾಡುತ್ತೇನೆಂದು ಹಟ ಹಿಡಿದ. ಭಾನುವಾರಗಳಂದು ರಾಜಗೋಪಾಲನಗರದ ನಮ್ಮ ಮನೆಯ ಮಹಡಿಯಲ್ಲೇ ರಿಹರ್ಸಲ್.

ತೊಂದರೆ ಶುರುವಾಗಿದ್ದೇ ಅಲ್ಲಿ. ಗಿರಿಜಾಗೆ ಶ್ರುತಿ ನಿಲ್ಲುವುದಿಲ್ಲ!

ಪ್ರವೀಣ ನನ್ನನ್ನು ಪಕ್ಕಕ್ಕೆ ಕರೆದ. "ಸಾರ್, ಬೇಜಾರ್ ಮಾಡ್ಕೋಬೇಡಿ. ಈ ಪಾತ್ರಕ್ಕೆ ಹಾಡೋರ್ನೇ ಹಾಕ್ಕೊಳ್ಳೋಣ ಅಂತ." ನಾನು ಒಪ್ಪಿಬಿಟ್ಟೆ. ತಿರುಗಿ ನೋಡಿದರೆ ಗಿರಿಜಾ ಟೀ ಲೋಟಗಳನ್ನು ಹಿಡಿದು ಹಿಂದೆಯೇ ನಿಂತಿದ್ದಾಳೆ. ಮುಖ ಸಣ್ಣದಾಗಿತ್ತು.

"ಸರಿ ಕಣಪ್ಪ, ಬಿಟ್ಬಿಡ್ತೀನಿ. ಒಂದೇ ಒಂದ್ಸಲ ಬೈಯೋ ಸೀನ್ ಮಾಡ್ತೀನಿ, ನೋಡು" ಎಂದಳು.

ಮಾಡಿದಳು. ನಡುನಡುವೆ ನಿಲ್ಲಿಸಿ, ನಿಲ್ಲಿಸಿ.

"ಮೇಡಂ, ಯಾಕೆ ಗ್ಯಾಪ್ ಬಿಡ್ತಿದೀರ?" ಎಂದ ಪ್ರವೀಣ.

"ಜನ ನಗ್ಬೇಕಲ್ಲಪ್ಪ! ನಗ್ತಿರೋವಾಗ ಮಾತಾಡಿದ್ರೆ ಯಾರಿಗ್ ಕೇಳ್ಸುತ್ತೆ?"

"ಕ್ಯಾಮೆರಾ ಮುಂದೆ ಯಾರೂ ನಗಲ್ವಲ್ಲ ಮೇಡಂ."

ಹಾಡಿಗೆಂದು ಕರೆಸಿದ್ದ ತಬಲಾದವನ ಕಡೆ ಗಿರಿಜಾ ಕೈ ತೋರಿಸಿದಳು. "ಹಂಗಾದ್ರೆ ಆ ಗ್ಯಾಪಲ್ಲಿ ತಬಲಾ ಬಾರಿಸ್ಲಿ. ಬಾಡಿಗೆಯೋರು ಮೂರೂ ಜನ ಹಾಡ್ಲಿ. ನಾನು ತಾಳಕ್ಕೆ ಬೈತೀನಿ. ನಾನ್ಯಾಕೆ ಹಾಡ್ಬೇಕು?"

ತಬಲಾ ಶುರುವಾಯಿತು. ಇವಳ ಬೈಗುಳ ಒಂದು ಪೆಟ್ಟೂ ತಪ್ಪಲಿಲ್ಲ. ಇಷ್ಟು ವರ್ಷ ಜನರ ನಗು ನೋಡಿಕೊಂಡು ಮಾತು ಬಿಟ್ಟವಳಿಗೆ ತಾಳ ಕಲಿಸಬೇಕೆ? ಪ್ರವೀಣ ಕೈಮುಗಿದ. "ಮೇಡಂ, ನೀವಿಲ್ದೆ ಈ ಸಿನಿಮಾನೇ ಇಲ್ಲ!"

ನಾಟಕ ಸಿನಿಮಾ ಆಗಬೇಕಾದರೆ ಹಾಡು ತುರುಕಿದರೆ ಸಾಲದು ಸ್ವಾಮಿ. ಜನ ಎಲ್ಲಿ ನಗುತ್ತಾರೆ, ಎಷ್ಟು ಹೊತ್ತು ನಗುತ್ತಾರೆ ಎಂಬುದೂ ಗೊತ್ತಿರಬೇಕು. ಅಲ್ಲಿದ್ದವರಲ್ಲಿ ಅದು ಗೊತ್ತಿದ್ದದ್ದು ಅವಳೊಬ್ಬಳಿಗೇ.

ಮೊನ್ನೆ ಸಮುದಾಯ ಭವನದಲ್ಲಿ ಸಿನಿಮಾ ತೋರಿಸಿದರು. ಆ ಹಾಡಿಗೆ ಶಿಳ್ಳೆಯೋ ಶಿಳ್ಳೆ! "ಒನ್ಸ್ ಮೋರ್" ಎಂದು ಕೂಗಿ ಮತ್ತೆ ಹಾಕಿಸಿದರು. ಪಕ್ಕದಲ್ಲಿದ್ದವರೊಬ್ಬರು ನಕ್ಕೂ ನಕ್ಕೂ ಕಣ್ಣೊರೆಸಿಕೊಳ್ಳುತ್ತ ಕೇಳಿದರು: "ಯಾರ್ ಸಾರ್ ಆಯಮ್ಮ? ಸಕ್ಕತ್ತಾಗ್ ಮಾಡವ್ರೆ!"

"ನನ್ ಹೆಂಡ್ತಿ ಕಣ್ರೀ!" ಎಂದೆ, ಮೂರು ಸಾಲಿಗೆ ಕೇಳುವಷ್ಟು ಜೋರಾಗಿ.

ಹೆಂಡತಿಗೆ ಏನೇನು ಬರುವುದಿಲ್ಲ ಎಂದು ಥಟ್ಟನೆ ಹೇಳಿಬಿಡುತ್ತೇವಲ್ಲ, ಏನೇನು ಬರುತ್ತದೆಂದು ಯಾವತ್ತಾದರೂ ನೋಡಿದ್ದೇವೆಯೇ?